ಮೂಗಿಗೆ ತಿಳಿಯದ ಅಪಾಯ: ಮಾಂಸದ ಉದ್ದಿಮೆಯ ನೈರ್ಮಲ್ಯ ನಿಯಮಗಳು ಏಕೆ ಹಾಗಿವೆ

ಮಾಂಸದ ವ್ಯಾಪಾರದಲ್ಲಿ ಪಳಗಿದವರನ್ನು ಸರಕು ಚೆನ್ನಾಗಿದೆಯೋ ಕೆಟ್ಟಿದೆಯೋ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, ಬಣ್ಣ ನೋಡಬೇಕು, ಒತ್ತಿ ನೋಡಬೇಕು, ಮೂಸಿ ನೋಡಬೇಕು ಎಂಬ ಉತ್ತರ ಬರುತ್ತದೆ. ಉತ್ತರವೇನೋ ಸರಿ, ಆದರೆ ಅದು ಬೇರೊಂದು ಪ್ರಶ್ನೆಗೆ ಸಲ್ಲುವ ಉತ್ತರ. ಮಾಂಸ ಲೋಳೆಗಟ್ಟುವಂತೆ, ಕಂದುವಂತೆ, ನಾರುವಂತೆ ಮಾಡುವ ಸೂಡೊಮೋನಾಸ್ ಜಾತಿಯ ಬ್ಯಾಕ್ಟೀರಿಯಾಗಳು ತಿಂದವರನ್ನು ಆಸ್ಪತ್ರೆಗೆ ಸೇರಿಸುವುದು ಅಪರೂಪ. ಆಸ್ಪತ್ರೆಗೆ ಸೇರಿಸುವ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್, ಲಿಸ್ಟೀರಿಯಾ, ಇ. ಕೋಲಿ ಒ157 ಮುಂತಾದವು ಬಣ್ಣವನ್ನು ಕೆಡಿಸುವುದಿಲ್ಲ, ವಾಸನೆಯನ್ನೂ ಹೊರಡಿಸುವುದಿಲ್ಲ. ಇ. ಕೋಲಿ ಒ157 ನೂರಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಹೊಟ್ಟೆ ಸೇರಿದರೂ ಕಾಯಿಲೆ ತರಬಲ್ಲದು. ಅಷ್ಟು ಸೂಕ್ಷ್ಮಾಣುಗಳನ್ನು ಹೊತ್ತ ಮಾಂಸದ ತುಂಡು ಎಷ್ಟೇ ಅನುಭವಿಯ ಕಣ್ಣಿಗೂ ಹೊಚ್ಚ ಹೊಸದಾಗಿಯೇ ಕಾಣುತ್ತದೆ. ಮಾಂಸದ ಉದ್ದಿಮೆಗೆ ಅನ್ವಯಿಸುವ ನೈರ್ಮಲ್ಯ ನಿಯಮಗಳು ಹೊರಗಿನಿಂದ ನೋಡುವವರಿಗೆ ಅತಿಯೆನಿಸುವುದು ಈ ಕಾರಣಕ್ಕೆ. ಮನುಷ್ಯನ ಇಂದ್ರಿಯಗಳನ್ನು ನಂಬಿ ಕೂರುವಂತಿಲ್ಲ ಎಂದು ಒಪ್ಪಿಕೊಂಡು ಬರೆದ ನಿಯಮಗಳು ಅವು.

ಇನ್ನೊಂದು ಸಂಗತಿಯನ್ನು ಅರಿತರೆ ಅರ್ಧದಷ್ಟು ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಆರೋಗ್ಯವಂತ ಪ್ರಾಣಿಯ ಮಾಂಸಖಂಡದ ಒಳಭಾಗದಲ್ಲಿ ಸೂಕ್ಷ್ಮಾಣುಗಳು ಇಲ್ಲವೆನ್ನುವಷ್ಟು ಕಡಿಮೆ. ಅವು ಇರುವುದು ಹೊರಗಿನ ತೊಗಲು, ಗೊರಸು, ಕೂದಲು ಅಥವಾ ಪುಕ್ಕದಲ್ಲಿ ಮತ್ತು ಒಳಗಿನ ಜೀರ್ಣನಾಳದಲ್ಲಿ. ವಧಾಗೃಹದ ನೈರ್ಮಲ್ಯವೆಂದರೆ ಈ ಎರಡು ಕೊಳೆಯ ತಾಣಗಳ ನಡುವೆ ಇರುವ ಶುದ್ಧ ಮಾಂಸವನ್ನು ಎರಡಕ್ಕೂ ತಾಗಿಸದೆ ಹೊರತೆಗೆಯುವ ಕೌಶಲ. ಕೆಸರು ಮೆತ್ತಿದ, ಒದ್ದೆಯಾದ ಪ್ರಾಣಿಯನ್ನು ವಧೆಗೆ ಒಪ್ಪಿಕೊಳ್ಳಬಾರದು ಎಂಬ ನಿಯಮವೂ, ವಧೆಗೆ ಕೆಲವು ಗಂಟೆ ಮೊದಲು ಮೇವು ನಿಲ್ಲಿಸಿ ನೀರು ಮಾತ್ರ ಕೊಡಬೇಕು ಎಂಬ ರೂಢಿಯೂ ಇಲ್ಲಿಂದಲೇ ಹುಟ್ಟಿವೆ: ತೊಗಲಿನ ಕೊಳೆ ಕಡಿಮೆಯಿದ್ದಷ್ಟೂ, ಕರುಳು ಬಿರಿಯದಷ್ಟು ಖಾಲಿಯಿದ್ದಷ್ಟೂ ಮುಂದಿನ ಕೆಲಸ ಹಗುರ.

ತೊಗಲು ಸುಲಿಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ ನಿಯಮದ ಸೂಕ್ಷ್ಮ ತಿಳಿಯುತ್ತದೆ. ಕೆಲಸಗಾರನು ಮೊದಲ ಸೀಳನ್ನು ಹಾಕುವಾಗ ಚೂರಿಯ ಅಲಗು ತೊಗಲಿನ ಹೊರಮೈಯನ್ನು ಹಾದೇ ಒಳಗೆ ಹೋಗಬೇಕು. ಅಂದರೆ ಆ ಕ್ಷಣದಿಂದ ಆ ಚೂರಿ ಕೊಳಕು. ಆದ್ದರಿಂದ ಅವನ ಬಳಿ ಎರಡು ಚೂರಿಗಳಿರುತ್ತವೆ. ಮೊದಲ ಸೀಳಾದೊಡನೆ ಆ ಚೂರಿಯನ್ನು ತೊಳೆದು ಪಕ್ಕದಲ್ಲೇ ಇರುವ ಬಿಸಿನೀರಿನ ಪೆಟ್ಟಿಗೆಗೆ ಇಳಿಸಿ, ಅಲ್ಲಿ ಕಾಯುತ್ತಿದ್ದ ಇನ್ನೊಂದನ್ನು ಎತ್ತಿಕೊಂಡು, ಈ ಬಾರಿ ಒಳಗಿನಿಂದ ಹೊರಕ್ಕೆ ತೊಗಲನ್ನು ಬಿಡಿಸುತ್ತಾ ಹೋಗುತ್ತಾನೆ. ತೊಗಲನ್ನು ಹಿಡಿದೆಳೆಯುವ ಕೈ ಮಾಂಸವನ್ನು ಮುಟ್ಟುವಂತಿಲ್ಲ, ಬಿಡಿಸಿದ ತೊಗಲಿನ ಅಂಚು ಮಡಚಿಕೊಂಡು ಮತ್ತೆ ಮಾಂಸಕ್ಕೆ ಒರಗುವಂತಿಲ್ಲ. ಆ ಪೆಟ್ಟಿಗೆಯ ನೀರು 82 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗಬಾರದು ಅಥವಾ ಅಷ್ಟೇ ಪರಿಣಾಮಕಾರಿಯಾದ ಬೇರೆ ವ್ಯವಸ್ಥೆ ಇರಬೇಕು ಎಂಬುದು ಐರೋಪ್ಯ ಒಕ್ಕೂಟದ ನಿಯಮ. ಚೂರಿಯ ಮೇಲಿನ ರಕ್ತ, ಕೊಬ್ಬನ್ನು ಮೊದಲು ತೊಳೆಯದೆ ನೇರವಾಗಿ ಆ ನೀರಿಗೆ ಅದ್ದಿದರೆ ಪ್ರೊಟೀನು ಅಲಗಿನ ಮೇಲೆಯೇ ಬೆಂದು ಪದರುಗಟ್ಟಿ, ಅದರಡಿಯಲ್ಲಿ ಸೂಕ್ಷ್ಮಾಣುಗಳಿಗೆ ಹೊದಿಕೆ ಸಿಕ್ಕಂತಾಗುತ್ತದೆ. ಮೊದಲು ತೊಳೆ, ಆಮೇಲೆ ಅದ್ದು ಎಂಬ ಕ್ರಮ ಇದಕ್ಕಾಗಿ.

ಒಳಾಂಗಗಳನ್ನು ತೆಗೆಯುವುದು ಇದಕ್ಕಿಂತಲೂ ನಾಜೂಕಿನ ಕೆಲಸ. ಅನ್ನನಾಳದ ತುದಿಯನ್ನು ಕಟ್ಟಿ, ಇನ್ನೊಂದು ತುದಿಯಲ್ಲಿ ಗುದದ ಸುತ್ತ ಬಿಡಿಸಿ ಚೀಲ ತೊಡಿಸಿ ಬಿಗಿದು, ಎರಡೂ ಬಾಯಿ ಮುಚ್ಚಿದ ಮೇಲೆಯೇ ಹೊಟ್ಟೆಯನ್ನು ಸೀಳಬೇಕು. ಇಷ್ಟಾದರೂ ಒಮ್ಮೊಮ್ಮೆ ಕರುಳು ತೂತಾಗುತ್ತದೆ. ಆಗ ನೀರು ಹಾಯಿಸಿ ತೊಳೆದುಬಿಡೋಣ ಎನಿಸುವುದು ಸಹಜ, ಆದರೆ ನಿಯಮ ಅದನ್ನು ಒಪ್ಪುವುದಿಲ್ಲ. ನೀರು ಕಣ್ಣಿಗೆ ಕಾಣುವ ಕಲೆಯನ್ನು ಅಳಿಸಿ, ಅಂಗೈಯಗಲದಲ್ಲಿದ್ದ ಸೂಕ್ಷ್ಮಾಣುಗಳನ್ನು ಇಡೀ ಮೈಗೆ ತೆಳ್ಳಗೆ ಹರಡುತ್ತದೆ. ಸಗಣಿ ಅಥವಾ ಕರುಳಿನ ದ್ರವ ತಾಗಿದ ಭಾಗವನ್ನು ಚೂರಿಯಿಂದ ಕತ್ತರಿಸಿ ತೆಗೆಯುವುದೇ ಮೊದಲ ಪರಿಹಾರ. ತೂಕದಲ್ಲಿ ಸ್ವಲ್ಪ ನಷ್ಟವಾಗುತ್ತದೆ, ಆ ನಷ್ಟವನ್ನು ಉದ್ದಿಮೆ ಹೊರಲೇಬೇಕು. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬೇಡಿ ಎಂದು ಅಡುಗೆಯವರಿಗೆ ಹೇಳುವುದರ ಹಿಂದೆಯೂ ಇದೇ ತರ್ಕವಿದೆ. ತೊಳೆದ ನೀರಿನ ಹನಿಗಳೊಂದಿಗೆ ಕ್ಯಾಂಪಿಲೊಬ್ಯಾಕ್ಟರ್ ಅಕ್ಕಪಕ್ಕದ ಪಾತ್ರೆಗಳ ಮೇಲೆಲ್ಲ ಸಿಡಿಯುತ್ತದೆ.

ವಧೆಗೆ ಮುಂಚೆ ಪ್ರಾಣಿಯನ್ನೂ ವಧೆಯ ನಂತರ ಅಂಗಾಂಗಗಳನ್ನೂ ಪಶುವೈದ್ಯರು ತಪಾಸಣೆ ಮಾಡುವ ಪದ್ಧತಿ ಇದಕ್ಕಿಂತ ಹಳೆಯದು. ಅಮೆರಿಕದ ಮಾಂಸ ತಪಾಸಣಾ ಕಾಯಿದೆ ಬಂದದ್ದು 1906ರಲ್ಲಿ. ಅಂದಿನ ಭಯಗಳು ಕ್ಷಯದ ಗಂಟುಗಳು, ಲಾಡಿಹುಳುವಿನ ಕೋಶಗಳು, ಕೀವುಗಟ್ಟಿದ ಬಾವುಗಳು. ಇವೆಲ್ಲ ಕಣ್ಣಿಗೆ ಕಾಣುವಂಥವು, ಆದ್ದರಿಂದ ನೋಡಿ, ಮುಟ್ಟಿ, ದುಗ್ಧರಸ ಗ್ರಂಥಿಗಳನ್ನು ಸೀಳಿ ಪರೀಕ್ಷಿಸುವ ವಿಧಾನ ಅವುಗಳಿಗೆ ಒಪ್ಪುತ್ತಿತ್ತು. ಇಂದು ಮುಖ್ಯವಾಗಿರುವ ರೋಗಾಣುಗಳಾದರೋ ಪೂರ್ತಿ ಆರೋಗ್ಯವಾಗಿ ಕಾಣುವ ದನದ ಕರುಳಿನಲ್ಲಿ, ಅದಕ್ಕೆ ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತವೆ. ಸಾಲದ್ದಕ್ಕೆ, ಒಂದು ಗ್ರಂಥಿಯನ್ನು ಸೀಳಿದ ಚೂರಿಯೇ ಮುಂದಿನದಕ್ಕೆ ಸೋಂಕನ್ನು ಒಯ್ಯಬಹುದು. ಹಂದಿಗಳ ಮಾಮೂಲು ತಪಾಸಣೆಯಲ್ಲಿ ಮುಟ್ಟಿ, ಸೀಳಿ ನೋಡುವುದನ್ನು ಬಿಟ್ಟು ಕಣ್ಣಿನಿಂದ ಮಾತ್ರ ನೋಡುವ ಪದ್ಧತಿಗೆ ಐರೋಪ್ಯ ಒಕ್ಕೂಟ 2014ರಲ್ಲಿ ಬದಲಾದದ್ದು ಇದನ್ನು ಮನಗಂಡೇ. ಹಾಗೆಂದು ತಪಾಸಣೆ ದಂಡವೆಂದು ಭಾವಿಸಬಾರದು. ಅದು ಹಿಡಿಯಬಲ್ಲದ್ದನ್ನು ಈಗಲೂ ಹಿಡಿಯುತ್ತದೆ, ಹಿಡಿಯಲಾರದ್ದಕ್ಕೆ ಬೇರೆ ಬಲೆ ಬೇಕು, ಅಷ್ಟೆ.

ಆ ಬೇರೆ ಬಲೆ ಎಷ್ಟು ಅಗತ್ಯವೆಂದು ಜಗತ್ತಿಗೆ ಮನವರಿಕೆಯಾದದ್ದು 1993ರ ಆರಂಭದಲ್ಲಿ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದು ಏಳುನೂರಕ್ಕೂ ಹೆಚ್ಚು ಜನರು ಇ. ಕೋಲಿ ಒ157ರ ಸೋಂಕಿಗೆ ಸಿಲುಕಿದರು, ನಾಲ್ಕು ಮಕ್ಕಳು ತೀರಿಕೊಂಡರು. ಆ ಮಾಂಸ ಸರ್ಕಾರಿ ತಪಾಸಣೆಯನ್ನು ದಾಟಿ ಬಂದದ್ದೇ ಆಗಿತ್ತು. ಇಲ್ಲಿ ಕೊಚ್ಚಿದ ಮಾಂಸದ ವಿಶೇಷವನ್ನು ಗಮನಿಸಬೇಕು. ಇಡಿಯ ತುಂಡಿನಲ್ಲಿ ಸೂಕ್ಷ್ಮಾಣುಗಳು ಮೇಲ್ಮೈಯಲ್ಲಿ ಇರುವುದರಿಂದ ಕಾವಲಿಯ ಶಾಖ ಅವನ್ನು ಮೊದಲು ಮುಟ್ಟುತ್ತದೆ. ಒಳಗೆ ಕೆಂಪಾಗಿ ಉಳಿದರೂ ಅಪಾಯ ಕಡಿಮೆ. ಅದೇ ತುಂಡನ್ನು ಯಂತ್ರದಲ್ಲಿ ಕೊಚ್ಚಿದರೆ ಮೇಲ್ಮೈಯೆಲ್ಲ ಒಳಗೆ ಸೇರುತ್ತದೆ, ಒಂದೇ ರಾಶಿಯಲ್ಲಿ ಹಲವು ಪ್ರಾಣಿಗಳ ಮಾಂಸ ಬೆರೆತಿರುವುದರಿಂದ ಒಂದರ ಕೊಳೆ ಎಲ್ಲಕ್ಕೂ ಹಂಚಿಕೆಯಾಗುತ್ತದೆ. ಮರುವರ್ಷ, 1994ರಲ್ಲಿ, ಅಮೆರಿಕದ ಕೃಷಿ ಇಲಾಖೆ ಕೊಚ್ಚಿದ ದನದ ಮಾಂಸದಲ್ಲಿ ಈ ಬ್ಯಾಕ್ಟೀರಿಯಾ ಇದ್ದರೆ ಅದನ್ನು ಕಲಬೆರಕೆ ಸರಕೆಂದೇ ಪರಿಗಣಿಸುವುದಾಗಿ ಸಾರಿತು. 1996ರಲ್ಲಿ ಮಾಂಸ ಮತ್ತು ಕೋಳಿಮಾಂಸದ ಘಟಕಗಳೆಲ್ಲ ಹ್ಯಾಸಪ್ ಪದ್ಧತಿಗೆ ಬರಬೇಕೆಂಬ ನಿಯಮವನ್ನು ಪ್ರಕಟಿಸಿತು.

ಹ್ಯಾಸಪ್ ಎಂದರೆ ಅಪಾಯಗಳನ್ನು ವಿಶ್ಲೇಷಿಸಿ ನಿರ್ಣಾಯಕ ಹಂತಗಳನ್ನು ಹತೋಟಿಯಲ್ಲಿಡುವ ಪದ್ಧತಿ. ಇದರ ಮೂಲ ಬಾಹ್ಯಾಕಾಶ ಯಾನಿಗಳ ಆಹಾರದಲ್ಲಿದೆ. 1960ರ ದಶಕದಲ್ಲಿ ನಾಸಾ, ಅಮೆರಿಕದ ಸೇನೆಯ ಪ್ರಯೋಗಾಲಯ ಮತ್ತು ಪಿಲ್ಸ್‌ಬರಿ ಕಂಪನಿ ಕೂಡಿ ಇದನ್ನು ರೂಪಿಸಿದಾಗ ಅವರ ಮುಂದಿದ್ದ ತೊಡಕು ಸರಳವಾಗಿತ್ತು: ತಯಾರಾದ ಆಹಾರವನ್ನು ಪರೀಕ್ಷಿಸಿಯೇ ಖಾತರಿ ಮಾಡಿಕೊಳ್ಳಬೇಕೆಂದರೆ ಹೆಚ್ಚಿನ ಪಾಲು ಪರೀಕ್ಷೆಗೇ ಖರ್ಚಾಗಿ ಯಾನಿಗೆ ಕೊಡಲು ಏನೂ ಉಳಿಯದು. ಹಾಗಾಗಿ ಕೊನೆಯಲ್ಲಿ ಪರೀಕ್ಷಿಸುವ ಬದಲು ಎಲ್ಲೆಲ್ಲಿ ಕೆಡಬಹುದೋ ಅಲ್ಲಲ್ಲಿಯೇ ಕಾವಲು ಹಾಕಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳು ಸೇರಿ ಕಟ್ಟಿದ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗವು 1993ರಲ್ಲಿ ಇದರ ಮಾರ್ಗಸೂಚಿಯನ್ನು ಅಂಗೀಕರಿಸಿತು, 2005ರಲ್ಲಿ ಮಾಂಸಕ್ಕೆಂದೇ ಒಂದು ನೈರ್ಮಲ್ಯ ಸಂಹಿತೆಯನ್ನು ಹೊರತಂದಿತು. ಬಹುತೇಕ ದೇಶಗಳ ನಿಯಮಗಳಲ್ಲಿ ಇವುಗಳ ಛಾಯೆ ಕಾಣುತ್ತದೆ.

ಹೆಸರು ಭಾರವಾಗಿದ್ದರೂ ಒಳಗಿರುವ ವಿಚಾರ ಮನೆಯ ಲೆಕ್ಕದಷ್ಟೇ ಸುಲಭ. ಮಾಂಸ ಬೇಯಿಸಿ ಮಾರುವ ಘಟಕವೊಂದನ್ನು ತೆಗೆದುಕೊಳ್ಳೋಣ. ಹಸಿ ಮಾಂಸದಲ್ಲಿ ರೋಗಾಣು ಇರಬಹುದು, ಅದನ್ನು ಕೊಲ್ಲುವ ಹಂತ ಬೇಯಿಸುವುದೊಂದೇ; ಆದ್ದರಿಂದ ಅದು ನಿರ್ಣಾಯಕ ಹಂತ. ಚೆನ್ನಾಗಿ ಬೇಯಿಸಬೇಕು ಎಂದು ಬರೆದರೆ ಸಾಲದು, ತುಂಡಿನ ನಡುಭಾಗ 70 ಡಿಗ್ರಿಯಲ್ಲಿ ಎರಡು ನಿಮಿಷ ಇರಬೇಕು ಎಂದು ಅಳೆಯಬಹುದಾದ ಗಡಿಯನ್ನು ಬರೆಯಬೇಕು. ಯಾರು, ಯಾವಾಗ, ಯಾವ ಥರ್ಮಾಮೀಟರಿನಿಂದ ಅಳೆಯುತ್ತಾರೆ ಎಂಬುದು ನಿಗದಿಯಾಗಬೇಕು. ಗಡಿ ತಲುಪದಿದ್ದರೆ ಏನು ಮಾಡಬೇಕು ಎಂಬುದು ಮುಂಚೆಯೇ ತೀರ್ಮಾನವಾಗಿರಬೇಕು, ಏಕೆಂದರೆ ಗಿರಾಕಿ ಕಾಯುತ್ತಿರುವ ಹೊತ್ತಿನಲ್ಲಿ ಮಾಡುವ ತೀರ್ಮಾನ ಯಾವಾಗಲೂ ಗಿರಾಕಿಯ ಅವಸರದ ಕಡೆಗೇ ವಾಲುತ್ತದೆ. ಇಡೀ ಏರ್ಪಾಡು ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ಆಗಾಗ ಪರಿಶೀಲಿಸಿ, ನಡೆದದ್ದನ್ನು ಬರೆದಿಡಬೇಕು.

ಇನ್ನು ತಂಪಿನ ವಿಷಯ. ಅನುಕೂಲವಾದ ಬೆಚ್ಚಗಿನ ಪರಿಸರದಲ್ಲಿ ಇ. ಕೋಲಿಯಂಥ ಬ್ಯಾಕ್ಟೀರಿಯಾ ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆ ಲೆಕ್ಕದಲ್ಲಿ ಒಂದೇ ಒಂದು ಜೀವಕೋಶ ಎಂಟು ಗಂಟೆಗಳಲ್ಲಿ ಒಂದೂವರೆ ಕೋಟಿಯನ್ನು ಮೀರುತ್ತದೆ. ತಂಪು ಈ ಓಟವನ್ನು ನಿಧಾನಿಸುತ್ತದೆ, ಕೊಲ್ಲುವುದಿಲ್ಲ. ಐರೋಪ್ಯ ಒಕ್ಕೂಟದ 2004ರ 853ನೆಯ ನಿಯಮಾವಳಿಯು ದನ, ಕುರಿ, ಹಂದಿಗಳ ಮಾಂಸಕ್ಕೆ 7 ಡಿಗ್ರಿ, ಕೋಳಿಮಾಂಸಕ್ಕೆ 4, ಪಿತ್ತಜನಕಾಂಗ ಮುಂತಾದ ಒಳಾಂಗಗಳಿಗೆ 3, ಕೊಚ್ಚಿದ ಮಾಂಸಕ್ಕೆ 2 ಡಿಗ್ರಿಯ ಮೇಲ್ಮಿತಿಯನ್ನು ಇಟ್ಟಿದೆ. ಈ ಅಂಕಿಗಳು ಹೀಗೇಕೆ ಇಳಿಯುತ್ತಾ ಹೋಗುತ್ತವೆ ಎಂದು ಕೇಳಿದರೆ ಮೇಲೆ ಹೇಳಿದ ಮೇಲ್ಮೈಯ ಮಾತೇ ಉತ್ತರ: ದೊಡ್ಡ ತುಂಡಿನ ಒಣ ಹೊರಮೈಯಲ್ಲಿ ಸೂಕ್ಷ್ಮಾಣುಗಳಿಗೆ ಹಿಡಿತ ಕಡಿಮೆ, ಒದ್ದೆಯಾದ ಒಳಾಂಗದಲ್ಲಿ ಹೆಚ್ಚು, ಕೊಚ್ಚಿದ ರಾಶಿಯಲ್ಲಿ ಅತಿ ಹೆಚ್ಚು. ಅಂಗಡಿಯವರಿಗೆ ಒಂದೇ ಫ್ರಿಜ್ ಇದ್ದರೆ ಅತಿ ಕಡಿಮೆ ಅಂಕಿಯನ್ನೇ ಎಲ್ಲಕ್ಕೂ ಹಿಡಿಯುವುದು ಜಾಣತನ.

ಪ್ರಾಣಿಯನ್ನು ವಧೆಗೆ ಮುಂಚೆ ಹೇಗೆ ನಡೆಸಿಕೊಂಡರು ಎಂಬುದೂ ಈ ಲೆಕ್ಕಕ್ಕೆ ಸೇರುತ್ತದೆ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ವಿಶ್ರಾಂತಿ ಪಡೆದ ಪ್ರಾಣಿಯ ಮಾಂಸಖಂಡದಲ್ಲಿ ಗ್ಲೈಕೋಜನ್ ಎಂಬ ಶಕ್ತಿಯ ದಾಸ್ತಾನಿರುತ್ತದೆ. ವಧೆಯ ನಂತರ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಟ್ಟು ಮಾಂಸದ ಪಿಹೆಚ್ ಮಟ್ಟ ಸುಮಾರು 7ರಿಂದ 5.5ರ ಆಸುಪಾಸಿಗೆ ಇಳಿಯುತ್ತದೆ. ಈ ಹುಳಿ ಸೂಕ್ಷ್ಮಾಣುಗಳಿಗೆ ಒಂದು ಅಡ್ಡಿ. ದೂರದ ಪ್ರಯಾಣದಲ್ಲಿ ದಣಿದ, ಹೆದರಿ ಒದ್ದಾಡಿದ ಪ್ರಾಣಿಯಲ್ಲಿ ಆ ದಾಸ್ತಾನು ಮೊದಲೇ ಖಾಲಿಯಾಗಿರುತ್ತದೆ, ಪಿಹೆಚ್ 6ಕ್ಕಿಂತ ಮೇಲೆಯೇ ನಿಲ್ಲುತ್ತದೆ, ಮಾಂಸ ಕಪ್ಪಾಗಿ ಗಡುಸಾಗಿ ಬೇಗ ಕೆಡುತ್ತದೆ. ಪ್ರಾಣಿದಯೆಯ ನಿಯಮವೂ ಆಹಾರ ಸುರಕ್ಷತೆಯ ನಿಯಮವೂ ಒಂದೇ ದಾರಿಯಲ್ಲಿ ನಡೆಯುವ ಅಪರೂಪದ ಜಾಗವಿದು.

ಬೇಯಿಸಿದ ಮೇಲೆ ನಿಶ್ಚಿಂತೆ ಎಂದುಕೊಳ್ಳುವುದು ಈ ವೃತ್ತಿಯ ದೊಡ್ಡ ತಪ್ಪು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ಸಾರಿನಲ್ಲೂ ಬದುಕಿ, ದೊಡ್ಡ ಪಾತ್ರೆ ಮೆಲ್ಲನೆ ಆರುವಾಗ ಮೊಳೆತು ವೇಗವಾಗಿ ಬೆಳೆಯುತ್ತವೆ. ಬೇಯಿಸಿದ್ದನ್ನು ಬಿಸಿಯಾಗಿಯೇ ಇಡುವುದಾದರೆ 60 ಡಿಗ್ರಿಗಿಂತ ಮೇಲಿಡಬೇಕು, ತಣಿಸುವುದಾದರೆ 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಸಬೇಕು ಎಂಬ ಲೆಕ್ಕವನ್ನು ಹಲವೆಡೆ ಪಾಲಿಸುತ್ತಾರೆ. ದೊಡ್ಡ ಪಾತ್ರೆಯನ್ನು ಹಾಗೆಯೇ ಫ್ರಿಜ್ಜಿನಲ್ಲಿಟ್ಟರೆ ಇದು ಆಗದ ಮಾತು. ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಹರವಬೇಕು.

ಇನ್ನೂ ದೊಡ್ಡ ಅಪಾಯವೆಂದರೆ ಬೆಂದ ಮಾಂಸಕ್ಕೆ ಹಸಿಯ ಸೋಂಕು ಮತ್ತೆ ತಾಗುವುದು. ಬೆಂದ ಮಾಂಸವನ್ನು ಮತ್ತೆ ಬೇಯಿಸದೆ ತಿನ್ನುವುದರಿಂದ ಅದಕ್ಕೆ ಮುಂದೆ ಕಾಪಾಡುವ ಹಂತವೇ ಇಲ್ಲ. 1996ರ ನವೆಂಬರಿನಲ್ಲಿ ಸ್ಕಾಟ್ಲೆಂಡಿನ ಮಧ್ಯಭಾಗದಲ್ಲಿ ಒಂದು ಮಾಂಸದ ಅಂಗಡಿಯಿಂದ ಹರಡಿದ ಇ. ಕೋಲಿ ಒ157 ಸೋಂಕಿಗೆ ಸುಮಾರು ಐನೂರು ಜನರು ತುತ್ತಾದರು, ಇಪ್ಪತ್ತರ ಆಸುಪಾಸಿನಷ್ಟು ಜನರು ಸತ್ತರು, ಸತ್ತವರು ವೃದ್ಧರು. ಸೂಕ್ಷ್ಮಾಣು ವಿಜ್ಞಾನಿ ಹ್ಯೂ ಪೆನ್ನಿಂಗ್ಟನ್ ಅವರ ನೇತೃತ್ವದ ತಂಡ ಮರುವರ್ಷ ಕೊಟ್ಟ ವರದಿ ಹಸಿ ಮತ್ತು ಬೆಂದ ಮಾಂಸವನ್ನು ಪ್ರತ್ಯೇಕಿಸುವುದರ ಮೇಲೆ ಒತ್ತು ಕೊಟ್ಟಿತು. ಹೀಗಿದ್ದೂ 2005ರ ಸೆಪ್ಟೆಂಬರಿನಲ್ಲಿ ದಕ್ಷಿಣ ವೇಲ್ಸಿನ ಶಾಲೆಗಳಲ್ಲಿ ಅದೇ ಕತೆ ಮರುಕಳಿಸಿತು. 157 ಜನರಿಗೆ, ಅವರಲ್ಲಿ ಹೆಚ್ಚಿನವರು ಮಕ್ಕಳು, ಸೋಂಕು ತಗುಲಿತು. ಐದು ವರ್ಷದ ಒಬ್ಬ ಬಾಲಕ ಸತ್ತ. ತನಿಖೆಯನ್ನು ಮತ್ತೆ ಪೆನ್ನಿಂಗ್ಟನ್ ಅವರಿಗೇ ವಹಿಸಲಾಯಿತು, ವರದಿ 2009ರಲ್ಲಿ ಬಂತು.

ಆ ವರದಿಯ ನಡುವೆ ನಿಂತಿರುವುದು ಒಂದು ಯಂತ್ರ. ಗಾಳಿ ಹೀರಿ ಪೊಟ್ಟಣವನ್ನು ಬಿಗಿಯುವ ನಿರ್ವಾತ ಪ್ಯಾಕಿಂಗ್ ಯಂತ್ರವೊಂದನ್ನು ಆ ಶಾಲೆಗಳಿಗೆ ಮಾಂಸ ಒದಗಿಸುತ್ತಿದ್ದ ಪೂರೈಕೆದಾರ ಹಸಿ ಮಾಂಸಕ್ಕೂ ಬೆಂದ ಮಾಂಸಕ್ಕೂ ಬಳಸುತ್ತಿದ್ದ. ಹಸಿ ಮಾಂಸದ ರಸ ಚೀಲದ ಬಾಯಿಯಿಂದ ತುಸುವೇ ಜಿನುಗಿ ತಟ್ಟೆಗೆ, ಅಂಚಿಗೆ, ಗಾಳಿ ಎಳೆಯುವ ಸಂದಿಗೆ ಇಳಿಯುತ್ತದೆ. ಮರುಕ್ಷಣ ಅದೇ ತಟ್ಟೆಯ ಮೇಲೆ ಬೆಂದ ಮಾಂಸದ ಪೊಟ್ಟಣ ಬಂದು ಕೂರುತ್ತದೆ. ಹೊರಗಿನಿಂದ ಒರೆಸಿದರೆ ಯಂತ್ರ ಥಳಥಳ ಹೊಳೆಯುತ್ತದೆ, ಸಂದಿಯೊಳಗೆ ಬಟ್ಟೆ ಹೋಗುವುದಿಲ್ಲ. ಅಲ್ಲಿ ಹ್ಯಾಸಪ್ ಯೋಜನೆಯೆಂಬ ಕಾಗದ ಇತ್ತು, ದಾಖಲೆಗಳಿದ್ದವು, ಅವುಗಳಲ್ಲಿ ಕೆಲವು ಸುಳ್ಳಾಗಿದ್ದವು. ಇದಾದ ಮೇಲೆ ಬ್ರಿಟನ್ನಿನ ಆಹಾರ ಮಾನಕ ಸಂಸ್ಥೆ 2011ರಲ್ಲಿ ಹೊರಡಿಸಿದ ಮಾರ್ಗದರ್ಶನವು, ಪ್ಯಾಕಿಂಗ್, ಹೋಳು ಕತ್ತರಿಸುವ ಮತ್ತು ಕೊಚ್ಚುವ ಯಂತ್ರಗಳಂಥ ಜಟಿಲ ಸಾಧನಗಳನ್ನು ನಡುವೆ ತೊಳೆದೂ ಎರಡಕ್ಕೂ ಬಳಸಬಾರದು, ಪ್ರತ್ಯೇಕವಾಗಿಯೇ ಇರಬೇಕು ಎಂದಿತು. ಸಣ್ಣ ಅಂಗಡಿಯವರಿಗೆ ಎರಡೆರಡು ಯಂತ್ರ ಕೊಳ್ಳುವುದು ಹೊರೆಯೆಂಬುದು ನಿಜ. ಅಷ್ಟು ಬಂಡವಾಳವಿಲ್ಲದವರು ಎರಡರಲ್ಲಿ ಒಂದು ವ್ಯಾಪಾರವನ್ನು ಕೈಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಅರೆಬರೆ ದಾರಿ ಇಲ್ಲ.

ಶುಚಿಗೊಳಿಸುವಿಕೆಯೂ ಎರಡು ಹಂತದ ಕೆಲಸ. ಜಿಡ್ಡು, ರಕ್ತ ಉಳಿದಿರುವ ಹಲಗೆಯ ಮೇಲೆ ಸೋಂಕುನಿವಾರಕ ಸುರಿದರೆ ಆ ಜಿಡ್ಡಿನೊಂದಿಗೇ ಸೆಣಸಿ ಅದರ ಶಕ್ತಿ ಮುಗಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ರಕ್ತ ತೊಳೆದು, ಮಾರ್ಜಕದಿಂದ ಉಜ್ಜಿ, ಜಾಲಾಡಿದ ಮೇಲೆಯೇ ಸೋಂಕುನಿವಾರಕ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ನಿಮಿಷ ಬಿಡಬೇಕು. ಹಚ್ಚಿದ ಕೂಡಲೇ ಒರೆಸುವುದು ಹಚ್ಚದೇ ಇರುವುದಕ್ಕಿಂತ ಹೆಚ್ಚೇನೂ ಉಪಯೋಗವಿಲ್ಲ. ಒತ್ತಡದ ಪೈಪಿನಿಂದ ಮೋರಿಯನ್ನು ತೊಳೆಯುವವರು ಮೋರಿಯ ಲಿಸ್ಟೀರಿಯಾವನ್ನು ತುಂತುರಾಗಿಸಿ ಮೇಜಿನ ಮೇಲೆ ಇಳಿಸುತ್ತಾರೆ. ಲಿಸ್ಟೀರಿಯಾ ಫ್ರಿಜ್ಜಿನ 4 ಡಿಗ್ರಿಯಲ್ಲೂ ಬೆಳೆಯಬಲ್ಲದು, ಯಂತ್ರದ ಸಂದುಗಳಲ್ಲಿ ಅಂಟುಪದರ ಕಟ್ಟಿಕೊಂಡು ತಿಂಗಳುಗಟ್ಟಲೆ ಉಳಿಯಬಲ್ಲದು. ಕೆನಡಾದಲ್ಲಿ 2008ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರ ಸಾವಿಗೆ ಕಾರಣವಾದ ಸಂಸ್ಕರಿತ ಮಾಂಸದ ಪ್ರಕರಣದಲ್ಲಿ ಸಂಶಯ ಬಂದು ನಿಂತದ್ದು ಹೋಳು ಕತ್ತರಿಸುವ ಯಂತ್ರಗಳ ಒಳಗಡೆಯ ಮೇಲೆ.

ಕೆಲಸಗಾರರ ಬಗ್ಗೆ ಹೇಳಬೇಕಾದದ್ದು ಕಡಿಮೆ, ಪಾಲಿಸಬೇಕಾದದ್ದು ಹೆಚ್ಚು. ಭೇದಿ, ವಾಂತಿ ನಿಂತು 48 ಗಂಟೆ ಕಳೆಯುವವರೆಗೆ ಕೆಲಸಕ್ಕೆ ಬರಬಾರದು. ಕೈಯ ಗಾಯವನ್ನು ನೀರಿಳಿಯದ ಪಟ್ಟಿಯಿಂದ ಮುಚ್ಚಬೇಕು, ಏಕೆಂದರೆ ಗಾಯದ ಸ್ಟಫಿಲೊಕಾಕಸ್ ಆಹಾರದಲ್ಲಿ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ಕೈಗವಸು ಎರಡನೆಯ ಚರ್ಮವಷ್ಟೇ. ಅದನ್ನು ತೊಟ್ಟು ಹಣ ಎಣಿಸಿ, ಫೋನ್ ಹಿಡಿದು, ಮತ್ತೆ ಮಾಂಸ ಮುಟ್ಟಿದರೆ ಬರಿಗೈಯೇ ಮೇಲು. ಬರಿಗೈಗಾದರೆ ಕೊಳೆಯಾದದ್ದು ತಿಳಿಯುತ್ತದೆ.

ಎಲ್ಲ ಎಚ್ಚರಿಕೆಯ ನಂತರವೂ ತಪ್ಪಾದರೆ ಸರಕನ್ನು ಹಿಂದಕ್ಕೆ ಕರೆಸಲು ಮೂಲದ ಜಾಡು ಬೇಕು. ಯಾರಿಂದ ಕೊಂಡೆ, ಯಾರಿಗೆ ಮಾರಿದೆ ಎಂಬ ಒಂದೊಂದು ಹೆಜ್ಜೆಯ ದಾಖಲೆ ಪ್ರತಿಯೊಬ್ಬನ ಬಳಿ ಇದ್ದರೆ ಇಡೀ ಸರಪಳಿ ಕೂಡಿಕೊಳ್ಳುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 2017ರಲ್ಲಿ ಶುರುವಾದ ಲಿಸ್ಟೀರಿಯಾ ಪಿಡುಗಿನ ಮೂಲ ಒಂದು ಸಂಸ್ಕರಿತ ಮಾಂಸದ ಕಾರ್ಖಾನೆಯೆಂದು ಘೋಷಣೆಯಾದದ್ದು 2018ರ ಮಾರ್ಚಿನಲ್ಲಿ. ಒಟ್ಟು ಪ್ರಕರಣಗಳು ಸಾವಿರ ಮೀರಿದವು, ಸಾವುಗಳು ಇನ್ನೂರು ಮೀರಿದವು.

ಈ ಎಲ್ಲ ನಿಯಮಗಳ ಪೈಕಿ ಅತಿ ಅಗ್ಗವಾದದ್ದೂ ಅತಿ ಹೆಚ್ಚು ಕಡೆಗಣಿಸಲ್ಪಡುವುದೂ ಥರ್ಮಾಮೀಟರಿನ ಪರೀಕ್ಷೆ. ಲೋಟದ ತುಂಬ ಪುಡಿ ಮಾಡಿದ ಮಂಜುಗಡ್ಡೆ ಹಾಕಿ, ಸಂದುಗಳು ತುಂಬುವಷ್ಟು ಮಾತ್ರ ನೀರು ಬೆರೆಸಿ, ಕಲಕಿ, ಸೂಜಿಯನ್ನು ತಳಕ್ಕೂ ಬದಿಗೂ ತಾಗದಂತೆ ನಡುವೆ ಹಿಡಿದರೆ ಅದು ಸೊನ್ನೆಯನ್ನು ತೋರಿಸಬೇಕು. ಸೊನ್ನೆಯ ಕೆಳಗೆ ಎರಡು ಡಿಗ್ರಿ ತೋರಿಸಿತೆಂದರೆ, ದಾಖಲೆ ಪುಸ್ತಕದಲ್ಲಿ 6 ಎಂದು ಬರೆದಿರುವ ಕಡೆಯಲ್ಲೆಲ್ಲ ಮಾಂಸ ನಿಜವಾಗಿ 8 ಡಿಗ್ರಿಯಲ್ಲಿತ್ತು ಎಂದರ್ಥ. ಹಿಂದಿನ ಬಾರಿ ಪರೀಕ್ಷಿಸಿದ ದಿನದಿಂದ ಈಚಿನ ಪ್ರತಿಯೊಂದು ಪುಟವನ್ನೂ ಎರಡು ಡಿಗ್ರಿ ಕೂಡಿಸಿಕೊಂಡು ಮತ್ತೆ ಓದಬೇಕಾಗುತ್ತದೆ.